ದಿಂಬಿನ ಕೆಳಗಿನ ಕಬ್ಬಿಣ

ಆವತ್ತು ಮಧ್ಯಾಹ್ನ ದಾನೇಶ್ವರಿ ಯಾರನ್ನೂ ಅಣಕಿಸಿರಲಿಲ್ಲ. ಹಾಗೆಂದು ಅವಳು ಉಳವಿ ಚನ್ನಬಸವಣ್ಣನ ಮೇಲೆ ಆಣೆಯಿಟ್ಟು ಹೇಳಿದರೂ ಹಳಿಯಾಳದ ಆ ಓಣಿಯಲ್ಲಿ ನಂಬುವವರಿರಲಿಲ್ಲ. ಮನೆಯಲ್ಲಿ ಅವಳನ್ನು ದಾನಿ ಎನ್ನುತ್ತಿದ್ದರು. ಓಣಿಯವರು ಆ ಹೆಸರಿನ ದೀರ್ಘ ಕಿತ್ತು ದನಿ ಮಾಡಿಕೊಂಡಿದ್ದರು. ದಾಂಡೇಲಿ ಬಸ್ಸಿನ ಕಂಡಕ್ಟರು ಮೂಗಿನಿಂದ "ಮುಂದ ನಡೀರಿ, ಮುಂದ ಮದುವಿ ಮಾಡುವಷ್ಟು ಜಾಗಾ ಐತಿ" ಎನ್ನುವುದು, ಮಠದ ಬಸಲಿಂಗಯ್ಯ ಮಂತ್ರದ ನಡುವೆ ಆಕಳಿಸುವುದು, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಗಂಡನ ಅಂಗಡಿಗೆ ಜೋಯಿಡಾ ಕಡೆಯಿಂದ ಕುಡಗೋಲು ಕೊಳ್ಳಲು ಬರುವ ಮುದುಕನೊಬ್ಬ ಅಲಗಿಗೆ ಉಗುರು ಬಡಿದು, ಕಿವಿಗೊಟ್ಟು, "ಇದು ಮಾತಾಡೂದಿಲ್ಲ ಬಾಯೀ, ಬ್ಯಾರೇದ್ದ ಕೊಡು" ಎನ್ನುತ್ತಿದ್ದ. ಅವನ ದನಿಯನ್ನು ಅವನ ಎದುರಿಗೇ ತೆಗೆದು ತೋರಿಸಿ ಅವನಿಂದಲೇ ಶಹಬಾಸ್ ಅನ್ನಿಸಿಕೊಂಡವಳು ದಾನಿ.

ಆದರೆ ಆವತ್ತು ಅವಳು ಅಟ್ಟದ ಮೇಲಿಂದ ಶಾವಿಗೆ ಡಬ್ಬಿಯನ್ನಷ್ಟೇ ತೆಗೆದಿದ್ದಳು. ನಿಚ್ಚಣಿಕೆಯ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿತು. ಎದೆ ಬಡಿತ ಗಂಟಲಿಗೆ ಬಂತು. ಗೋಡೆಗೆ ಆತು ನಿಂತು, ಅಕ್ಕಿ ಆರಿಸುತ್ತ ಕುಳಿತಿದ್ದ ಅತ್ತೆಯನ್ನು ಕರೆದಳು.

"ಅತ್ಯಾ... ಒಂಚೂರು... ನೀರು..."

ಮಹಾದೇವಕ್ಕನ ಕೈಯಿಂದ ಮೊರ ಜಾರಿತು. ಅಕ್ಕಿಯೆಲ್ಲ ನೆಲಕ್ಕೆ.

"ಏನಂತ ಕರದಿ ನನ್ನ?"

"ಅತ್ಯಾ... ಅಂದ್ನಿರಿ."

"ಅಲ್ಲ. ಅಕ್ಕಾ ಅಂದಿ." ಮುದುಕಿ ಎದ್ದು ನಿಂತಿದ್ದಳು. ಹೊರಗೆ ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಆದರೂ ಅವಳು ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು. "ನೀಲಿ ದನಿ ನಿನಗ ಯಾರ ಕಲಿಸಿದ್ರಬೇ?"

ನೀಲಿ ಯಾರೆಂದು ದಾನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನು ಅಣಕಿಸುವ ವಿದ್ಯೆ ಅವಳಲ್ಲಿರಲಿಲ್ಲ. ಅದು ಅವಳದೇ ದನಿ. ಆದರೆ ನಡುವೆ ಉಸಿರು ಕಡಿದು ಬೀಳುವ ದನಿ. ಹೆಸರಿನಿಂದ ಓಣಿಯವರು ಕಿತ್ತ ದೀರ್ಘ ಈಗ ಉಸಿರಿನಿಂದಲೂ ಕಳೆದುಹೋಗಿತ್ತು.

ಅತ್ತೆ ನೀರು ಕೊಡಲಿಲ್ಲ. ಚೆಲ್ಲಿದ ಅಕ್ಕಿಯನ್ನೂ ತುಂಬಲಿಲ್ಲ. ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮದುವೆಯಾಗಿ ಮೂರು ಯುಗಾದಿ ಕಳೆದಿದ್ದವು. ಸಾಂಬ್ರಾಣಿಯ ತವರಿಗೆ ಹೋದರೂ ಇಲ್ಲಿ ಅಂಗಡಿ ಕಟ್ಟೆಯಲ್ಲಿ ಕುಳಿತರೂ ಒಂದೇ ಪ್ರಶ್ನೆ: "ಏನರ ವಿಶೇಷ ಐತೇನಬೇ?" ದಾನಿ ಪಟ್ಟನೆ, "ವಿಶೇಷ ಇಲ್ರಿ, ಇದ್ದದ್ದ ಶೇಷ" ಎಂದು ನಗಿಸುತ್ತಿದ್ದಳು. ಕೇಳಿದವರು ನಕ್ಕು ಹೋಗುತ್ತಿದ್ದರು. ಅವಳು ಒಳಗೆ ಬಂದು ತಿಂಗಳ ಲೆಕ್ಕ ಹಾಕುತ್ತ ಕೂರುತ್ತಿದ್ದಳು. ಆ ನಗೆಯ ಕೆಳಗೆ ಅವಳಿಗೆ ಬೇಕಾದದ್ದು ಒಂದೇ. ಒಂದು ಕೂಸು. ಅದಕ್ಕೂ ಒಂದು ಹೊಸ ದನಿ ಇರುತ್ತದೆ, ಅದನ್ನು ತಾನು ಮೊದಲು ಕಲಿಯಬೇಕು ಎಂಬ ಹುಚ್ಚು ಅವಳಿಗೆ.

ಆ ವರ್ಷ ಮಳೆ ಹಿಡಿದಾಗಿನಿಂದ ಇನ್ನೊಂದು ಹುಚ್ಚೂ ಹಿಡಿದಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಮನೆಯ ಮುಂದಿನ ಭಾಗ ಸಿಮೆಂಟಿನದು, ಅಂಗಡಿಯೂ ಅಲ್ಲೇ. ಹಿಂದಿನ ಖೋಲಿ ಮಾತ್ರ ಅಜ್ಜನ ಕಾಲದ ಮಣ್ಣಿನ ಗೋಡೆಯದು. ಅಂಗಡಿಯಲ್ಲಿ ಹಿಡಿಸದ ಬೇಲಿ ತಂತಿ, ಪೈಪು, ಸಲಿಕೆಗಳ ಕಟ್ಟನ್ನು ಅಲ್ಲಿಡುತ್ತಿದ್ದರು. ಮೊದಲ ಮಳೆಗೆ ಆ ಗೋಡೆ ತೋಯ್ದು ವಾಸನೆ ಬಿಟ್ಟಿತು. ದಾನಿ ಬರೀ ಮೂಸಲು ಹೋದಳು. ಮರುದಿನ ನಾಲಗೆ ತಾಗಿಸಿದಳು. ಅದರ ಮರುದಿನ ಉಗುರಿನಿಂದ ಕೆರೆದಳು. ಹಳೆಯ ಕಣಜದ ಹಿಂದೆ, ಕುಕ್ಕರಗಾಲಿನಲ್ಲಿ ಕುಳಿತರೆ ಸರಿಯಾಗಿ ಬಾಯಿಯ ಮಟ್ಟಕ್ಕೆ, ಗೋಡೆಯಲ್ಲೊಂದು ಬೊಗಸೆಯಷ್ಟು ತಗ್ಗಿತ್ತು. ಇಲಿ ಕೆರೆದದ್ದಿರಬೇಕು ಎಂದುಕೊಂಡು ಅಲ್ಲಿಂದಲೇ ಮುಂದುವರಿಸಿದಳು. ಮಣ್ಣು ನಾಲಗೆಯ ಮೇಲೆ ಕರಗುವಾಗ ಹೊಟ್ಟೆಯೊಳಗೆ ಯಾರೋ ಕಣ್ಣು ಮುಚ್ಚಿ ಸಮಾಧಾನಪಟ್ಟ ಹಾಗಾಗುತ್ತಿತ್ತು. ಯಾರೋ. ತಾನಲ್ಲ.

ಮತ್ತೆ ಆ ಕಿವಿಯ ಸದ್ದು. ಎಡಗಿವಿಯಲ್ಲಿ ಸುಸ್... ಸುಸ್... ಎಂದು ಕಮ್ಮಾರ ತಿದಿ ಒತ್ತಿದ ಹಾಗೆ. ತಲೆ ಬಗ್ಗಿಸಿ ಗೋಡೆಗೆ ಬಾಯಿ ಇಟ್ಟಾಗ ಅದು ಜೋರಾಗುತ್ತಿತ್ತು. ಪಕ್ಕದಲ್ಲೊಬ್ಬಳು ಕುಳಿತು, ತನ್ನ ಪಾಳಿಗಾಗಿ ಕಾಯುತ್ತ ಉಸಿರಾಡುತ್ತಿದ್ದಾಳೆ ಎನಿಸುತ್ತಿತ್ತು. ಎಷ್ಟೋ ಸಲ ದಾನಿ ಸರಕ್ಕನೆ ತಿರುಗಿ ನೋಡಿದ್ದಳು. ಬೇಲಿ ತಂತಿಯ ಸುರುಳಿಗಳು ಮುಳ್ಳು ಬಿಟ್ಟುಕೊಂಡು ಸುಮ್ಮನೆ ಬಿದ್ದಿರುತ್ತಿದ್ದವು.

ನಿಚ್ಚಣಿಕೆಯ ಸಂಗತಿ ಕೇಳಿ ಗಂಡ ಮಲ್ಲೇಶ ಅಂಗಡಿಗೆ ಅರ್ಧ ದಿನ ಬಾಗಿಲು ಎಳೆದು ಅವಳನ್ನು ದಾಂಡೇಲಿಗೆ ಕರೆದೊಯ್ದ. ಅಲ್ಲಿನ ಹೆಂಗಸರ ಡಾಕ್ಟರು ಸುನಂದಾ ಅವಳ ಕೆಳಗಿನ ರೆಪ್ಪೆ ಎಳೆದು ನೋಡಿ, "ಬಾಯಿ ತುಂಬ ನಗ್ತೀರಿ, ಕಣ್ಣಾಗ ರಕ್ತನ ಇಲ್ಲಲ್ರಿ" ಎಂದರು. ಬೆರಳು ಹಿಡಿದು ಉಗುರು ನೋಡಿದರು. ಉಗುರುಗಳು ಚಮಚದಂತೆ ತಗ್ಗಾಗಿದ್ದವು. ರಕ್ತ ತಪಾಸಣೆಯ ಚೀಟಿ ಬಂದಮೇಲೆ ಕನ್ನಡಕ ತೆಗೆದಿಟ್ಟರು.

"ಮೈಯಾಗ ಕಬ್ಬಿಣ ಭಾಳ ಕಡಿಮಿ ಐತ್ರಿ."

"ನಮ್ಮದ ಕಬ್ಬಿಣದಂಗಡಿರಿ ಮೇಡಮ್," ಎಂದ ಮಲ್ಲೇಶ. ಹೆದರಿದಾಗ ಅವನಿಗೆ ನಗೆ ಬರುತ್ತಿತ್ತು.

"ಹಂಗಾರ ಅಂಗಡಿಯಾಗ ಮಾಲ ಐತಿ, ಮನಿಯಾಗ ಇಲ್ಲ ನೋಡ್ರಿ." ಡಾಕ್ಟರು ನಗಲಿಲ್ಲ. ದಾನಿಯ ಕಡೆ ತಿರುಗಿದರು. "ತಿಂಗಳಿಗೊಮ್ಮೆ ಭಾಳ ಹೋಗ್ತೈತೇನ್ರಿ?"

"ಹೋಗ್ತೈತ್ರಿ."

"ಭಾಳ ಅಂದ್ರ?"

"ಭಾಳ." ಎಲ್ಲ ಹೆಂಗಸರಿಗೂ ಅಷ್ಟೇ ಹೋಗುತ್ತದೆ ಎಂದು ಅವಳು ತಿಳಿದಿದ್ದಳು. ಯಾರನ್ನು ಕೇಳಬೇಕಿತ್ತು?

"ಮಣ್ಣು, ಬಳಪ, ಹಸಿ ಅಕ್ಕಿ, ಇಂಥಾದ್ದ ಏನರ ತಿನ್ನಬೇಕು ಅನಸ್ತೈತೇನು?"

ಕಿವಿಯಲ್ಲಿನ ತಿದಿ ತಟ್ಟನೆ ನಿಂತ ಹಾಗಾಯಿತು. ಒಳಗಿದ್ದವಳು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದಳೋ ಎಂಬಂತೆ. ಗಂಡ ಪಕ್ಕದಲ್ಲೇ ಇದ್ದ.

"ಛೀ, ಇಲ್ರಿ," ಎಂದಳು ದಾನಿ.

"ಇಷ್ಟ ಕಡಿಮಿ ಇದ್ದಾಗ ಬಸಿರ ನಿಲ್ಲೂದು ತ್ರಾಸು. ನಿಂತ್ರೂ ನಿಮಗೂ ಕಷ್ಟ, ಕೂಸಿಗೂ ಕಷ್ಟ. ಹಡಿಯೂ ಮುಂದ ರಕ್ತ ಹ್ವಾದ್ರ ತಡಕೊಳ್ಳಾಕ ಮೈಯಾಗ ಏನೂ ಇರೂದಿಲ್ಲ. ಮೊದಲ ರಕ್ತ ಆಗಲಿ. ನಾ ಹೇಳೂ ತನಕಾ ಬಸಿರ ತಡೀರಿ. ಗುಳಿಗಿ ಬರದೇನಿ, ದಿನಾ ತಪ್ಪಬ್ಯಾಡ್ರಿ."

ಹೊರಗೆ ರೋಗಿಗಳ ಸಾಲು ಬಾಗಿಲಿನ ತನಕ ಇತ್ತು. ಗುಳಿಗೆಯನ್ನು ಯಾವುದರ ಜೊತೆ ತೆಗೆದುಕೊಳ್ಳಬಾರದು ಎಂದು ಡಾಕ್ಟರು ಹೇಳಿದರೋ ಇಲ್ಲವೋ, ದಾನಿಗೆ ಕೇಳಿಸಿದ್ದು 'ತಡೀರಿ' ಎಂಬ ಒಂದೇ ಮಾತು. ಮೂರು ವರ್ಷ ತಡೆದವಳಿಗೆ ಇನ್ನೂ ತಡಿ ಎಂದರೆ!

ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಓಡುತ್ತಿದ್ದವು. ಮಲ್ಲೇಶ ಸಮಾಧಾನಕ್ಕೆಂದು, "ಹೊಲದ ತುಂಬ ಕಬ್ಬು, ಅಂಗಡಿ ತುಂಬ ಕಬ್ಬಿಣ, ನನ್ನ ಹೇಣ್ತಿ ಮೈಯಾಗ ಎರಡೂ ಇಲ್ಲ" ಎಂದ. ಅವಳು ಡಾಕ್ಟರ ದನಿ ತೆಗೆದು, "ಮೊದಲ ಉಸಿರು, ಆಮ್ಯಾಲ ಬಸಿರು" ಎಂದಳು. ಅವನು ನಕ್ಕ. ಆದರೆ ಆ ನಾಲ್ಕು ಶಬ್ದ ಆಡಿ ಮುಗಿಸಲು ಅವಳು ನಡುವೆ ಒಮ್ಮೆ ಉಸಿರು ಎಳೆದುಕೊಂಡಿದ್ದಳು. ಆ ಎಳೆತದಲ್ಲಿ ಡಾಕ್ಟರೂ ಇರಲಿಲ್ಲ, ದಾನಿಯೂ ಇರಲಿಲ್ಲ.

ಮನೆಗೆ ಬಂದು ಮಲ್ಲೇಶ ತಾಯಿಗೆ ವರದಿ ಒಪ್ಪಿಸಿದ. "ಅವ್ವಾ, ಈಕಿ ಮೈಯಾಗ ಕಬ್ಬಿಣ ಇಲ್ಲಂತ."

ಮಹಾದೇವಕ್ಕ ಒಲೆಯ ಮುಂದಿನಿಂದ ಮೆಲ್ಲಗೆ ತಿರುಗಿದಳು. "ಹಂಗಂತ ಡಾಕ್ಟರಿಣಿ ಅಂದ್ಳಾ? ಕಬ್ಬಿಣ ಅಂತನ ಅಂದ್ಳಾ?"

"ಹೌದವ್ವಾ."

"ಅಂದ್ರ ಇದು ಆಕಿಗೂ ಗೊತ್ತೈತಿ ಅಂದಂಗಾತು," ಎಂದಳು ಮುದುಕಿ, ತನಗೆ ತಾನೇ.

ಮರುದಿನ ಬೆಳಿಗ್ಗೆ ಹಾಸಿಗೆ ಸುತ್ತುವಾಗ ದಾನಿಯ ಕೈಗೆ ತಣ್ಣನೆಯದೇನೋ ತಾಗಿತು. ಅವಳ ದಿಂಬಿನ ಕೆಳಗೆ ಒಂದು ಕುಡಗೋಲು. ಅಂಗಡಿಯ ಹೊಸ ಮಾಲಲ್ಲ. ಹಿಡಿಕೆ ಸವೆದ, ಅಲಗು ಕಪ್ಪಾದ ಹಳೆಯದು. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಬ್ಬಿಣ ಇದ್ದಲ್ಲಿ ಪೀಡೆ ಹೊಗುವುದಿಲ್ಲ. ಸಾಂಬ್ರಾಣಿಯಲ್ಲಿ ಅವಳ ಅಕ್ಕ ಹಡೆದಾಗ ನೀರಿಗೆ ಹೋಗುವಾಗಲೂ ಸೆರಗಿನಲ್ಲಿ ಕಬ್ಬಿಣದ ಮೊಳೆ ಕಟ್ಟಿಕೊಂಡೇ ಹೋಗುತ್ತಿದ್ದಳು. ಆದರೆ ಹಡೆಯದವಳಿಗೆ, ಬಸಿರೇ ಇಲ್ಲದವಳಿಗೆ?

"ಇದ್ಯಾಕ್ರಿ ಅತ್ಯಾ?"

"ಇರಲಿ," ಎಂದಳು ಮಹಾದೇವಕ್ಕ. "ಕಬ್ಬಿಣ ಇಲ್ಲದ ಮೈ ಬಾಗಲಿಲ್ಲದ ಮನಿ ಇದ್ದಂಗ. ಯಾರರ ಹೊಗ್ತಾರ." ಆಮೇಲೆ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ಹಬೆಯಾಡುವ ಚಹಾದ ಬಟ್ಟಲು ಹಿಡಿದು ನಿಂತಳು. "ಬರೀ ನೀರಾಗ ಗುಳಿಗಿ ಗಂಟಲಾಗ ಸಿಗತೈತಿ. ಘಟ್ಟಿ ಚಾ ಮಾಡೇನಿ, ಕುಡಿ ನಮ್ಮವ್ವಾ."

ಅಲ್ಲಿಂದ ದಿನ ತಪ್ಪದೆ ಗುಳಿಗೆ, ದಿನ ತಪ್ಪದೆ ಘಟ್ಟಿ ಚಹಾ. ಅತ್ತೆ ಅಷ್ಟು ಅಕ್ಕರೆ ಮಾಡಿದ್ದು ದಾನಿ ಕಂಡಿರಲಿಲ್ಲ. ಆ ಅಕ್ಕರೆಯಲ್ಲಿ ಏನೋ ಅಂಜಿಕೆ ಇತ್ತು. ಬಟ್ಟಲು ಕೊಡುವಾಗ ಮುದುಕಿ ಅವಳ ಮುಖ ನೋಡುತ್ತಿರಲಿಲ್ಲ, ಹೆಗಲಾಚೆ ನೋಡುತ್ತಿದ್ದಳು. ಅಲ್ಲಿ ಇನ್ನೊಬ್ಬಳು ನಿಂತಿದ್ದು, ಅವಳಿಗೂ ಚಹಾ ಬೇಕೇ ಎಂದು ಕೇಳುವವಳ ಹಾಗೆ.

ಮತ್ತೆ ತಪಾಸಣೆ ಮಾಡಿಸಿದಾಗ ರಕ್ತ ಏರಿರಲಿಲ್ಲ. ತುಸು ಇಳಿದೇ ಇತ್ತು. ಫೋನಿನಲ್ಲಿ ಅದನ್ನು ಕೇಳಿ ಡಾಕ್ಟರು, ಕೂಡಲೇ ಬನ್ನಿ ಎಂದರು. ಮಲ್ಲೇಶನಿಗೆ ನಗೆ ಬರಲಿಲ್ಲ. ಮಹಾದೇವಕ್ಕ, "ಗುಳಿಗೀಲೆ ಹೋಗೂದಲ್ಲ ಇದು" ಎಂದು ಒಳಗೆ ಹೋದಳು.

ಅದೇ ದಿನ ದಾನಿ ಹಿತ್ತಲ ಗೋಡೆಯ ಆಚೆಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮೀರುನ್ನಿಸಾಳನ್ನು ಮಾತಿಗೆಳೆದಳು. ಅತ್ತೆಯ ವಯಸ್ಸಿನವಳೇ, ಓಣಿಗೆಲ್ಲ ಖಾಲಾ.

"ಯಾ ಅಲ್ಲಾ, ಏನ ಬಣ್ಣಾಗೈತಿ ನಿಂದು! ಹಾಲಿನ ಪಾಕೀಟ," ಎಂದಳು ಖಾಲಾ. "ನೀವ ಮಾಂಸಾ ತಿನ್ನೂ ಮಂದಿ ಆಗಿದ್ರ ಕುರಿ ಕಲೇಜಿ ಕುದಿಸಿ ಸುರವಾ ಮಾಡಿ ಕುಡಸ್ತಿದ್ನಿ. ಟಮಾಟಿ ಆಗ್ತಿದ್ದಿ."

"ಅದನ್ನ ಕುಡದೆ ಅಂದ್ರ ನಮ್ಮತ್ತಿ ನನ್ನ ಕಲೇಜಿನ ತಗದ ಕೈಯಾಗ ಕೊಡ್ತಾಳ್ರಿ." ದಾನಿ ನಕ್ಕಳು, ಏದುಸಿರು ಬಿಟ್ಟಳು, ಮತ್ತೆ ಕೇಳಿದಳು. "ಖಾಲಾ, ನೀಲಿ ಅಂದ್ರ... ಯಾರ್ರಿ?"

ಯಂತ್ರದ ಚಕ್ರ ನಿಂತಿತು. ಖಾಲಾ ಅವಳನ್ನೇ ನೋಡಿದಳು.

"ಈಗ ಹೆಂಗ ಅಂದಿ ಮಾತು? ಹಂಗ... ಹಿಂಗ ಅಂತ ನಡುವ ನಿಂತು? ಆಕಿನೂ ಹಂಗ ಮಾತಾಡ್ತಿದ್ಲು ನೋಡು. ಬಾವಿಯಾಗಿಂದ ನೀರ ಸೇದಿದಂಗ ಉಸಿರ ಸೇದಿ ಮುಂದಿನ ಶಬ್ದ ಮ್ಯಾಲೆ ತರತಿದ್ಲು." ಸೂಜಿಗೆ ದಾರ ಹಾಕುವ ನೆಪ ಮಾಡಿದಳು. "ನಿಮ್ಮತ್ತಿ ಮೈದುನ ಉಳವಪ್ಪ ಕಾಕಾ ಮುಂಡಗೋಡದಾಗ ಅದಾನಲ್ಲ, ಅಂವನ ಮೊದಲ್ನೇ ಹೇಣ್ತಿ ನೀಲಕ್ಕ. ನಿಮ್ಮತ್ತಿಗೆ ನೆಗೆಣ್ಣಿ. ಇಬ್ಬರೂ ಅಕ್ಕಾ ತಂಗಿ ಇದ್ದಂಗ ಇದ್ರು. ನಿಮ್ಮ ಹಿಂದಿನ ಖೋಲಿಯಾಗ ಹಡದ್ಲು. ಕೂಸೂ ಉಳೀಲಿಲ್ಲ, ಆಕಿನೂ ಉಳೀಲಿಲ್ಲ. ನಾ ನೋಡಾಕ ಬಂದಿದ್ನಿ ಬೇಟಾ. ಹೊದಸಿದ್ದ ಬಿಳಿ ಅರಬಿಗಿಂತ ಆಕಿ ಬಿಳಿ ಇದ್ಲು."

"ಏನಾಗಿತ್ತಂತ?"

"ದೆವ್ವ ಹೊಕ್ಕಿತ್ತು ಅಂದ್ರು. ಮತ್ತೇನ ಅಂತಾರ?"

ಇನ್ನು ಆ ಖೋಲಿಗೆ ಕಾಲಿಡುವುದಿಲ್ಲ ಎಂದು ದಾನಿ ಅಲ್ಲೇ ಶಪಥ ಮಾಡಿದಳು. ಮಾರನೆಯ ದಿನ ಮಧ್ಯಾಹ್ನ ಜಿಟಿಜಿಟಿ ಮಳೆ ಹತ್ತಿತು. ಗೋಡೆ ವಾಸನೆ ಬಿಟ್ಟಿತು. ಶಪಥ ಬಾಯಿಂದ ಮಾಡಿದ್ದು. ಬಾಯಿಗೇ ನೀರು ಬಂದಮೇಲೆ ಅದು ನಿಲ್ಲುವುದೆಲ್ಲಿ?

ಕಣಜದ ಹಿಂದೆ ಕುಕ್ಕರಿಸಿ ತಗ್ಗಿಗೆ ಕೈ ಹಾಕಿದಳು. ಈ ಸಲ ಆಳಕ್ಕೆ ಕೆರೆಯುವಾಗ ಉಗುರಿಗೆ ಗಟ್ಟಿಯದೇನೋ ಸಿಕ್ಕಿತು. ಎಳೆದಳು. ಹಸಿರು ಗಾಜಿನ ಬಳೆಯ ಚೂರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು. ಮತ್ತೆ ತಗ್ಗಿನೊಳಗೆ ಇಣುಕಿದಳು. ಒಳಗಿನ ಮಣ್ಣಿನಲ್ಲಿ ಬೆರಳು ಎಳೆದ ಹಳೆಯ ಗೀರುಗಳಿದ್ದವು, ಸವೆದು ನುಣ್ಣಗಾಗಿದ್ದವು. ತನ್ನ ಬೆರಳುಗಳನ್ನು ಅವುಗಳ ಮೇಲಿಟ್ಟಳು. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಕೂತವು.

ಇಲಿ ಬಳೆ ತೊಡುವುದಿಲ್ಲ.

ಅವಳು ಇಷ್ಟು ದಿನ ತಿಂದದ್ದು ಇನ್ನೊಬ್ಬಳು ಉಂಡು ಬಿಟ್ಟ ತಾಟಿನಲ್ಲಿ. ಮಣ್ಣು ತಿಂದವಳನ್ನು ಮಣ್ಣೇ ತಿಂದಿತ್ತು. ಕಿವಿಯಲ್ಲಿ ತಿದಿ ಏರತೊಡಗಿತು. ಸುಸ್... ಸುಸ್... ಅದು ಈಗ ಪಕ್ಕದಲ್ಲಿರಲಿಲ್ಲ, ತನ್ನ ಎದೆಯೊಳಗಿನಿಂದಲೇ ಬರುತ್ತಿತ್ತು. ಎದ್ದು ಓಡಲೆಂದು ಕಣಜಕ್ಕೆ ಕೈ ಊರಿದಳು. ಆಗ ಹಿಂದಿನಿಂದ ಮಾತು ಕೇಳಿಸಿತು.

"ನೀಲೀ. ಸಾಕು ಬಿಡಬೇ."

ಬಾಗಿಲಲ್ಲಿ ಮಹಾದೇವಕ್ಕ. ದಾನಿ 'ನಾನು ದಾನಿ' ಎನ್ನಲು ಬಾಯಿ ತೆರೆದಳು. ಬಾಯಿ ತುಂಬ ಮಣ್ಣು. "ಅ... ಅ..." ಎಂಬಷ್ಟೇ ಹೊರಬಿತ್ತು.

"ಬೈಯಾಕ ಬಂದಿಲ್ಲ ನಾ." ಮುದುಕಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. "ಎಮ್ಮಿ ಈದಿತ್ತಬೇ ಆವತ್ತ. ಹಸಿ ಹುಲ್ಲ ಕೊಯ್ಯಾಕ ಕುಡಗೋಲ ಬೇಕಾಗಿತ್ತು. ಅಂಗಡಿಗೆ ಕೀಲಿ ಹಾಕಿದ್ರು. ಕಬ್ಬಿಣದಂಗಡಿ ಮನಿಯಾಗ ಒಂದ ಕುಡಗೋಲ ಇರಲಿಲ್ಲ ನೋಡು. ನಿನ್ನ ದಿಂಬಿನ ಕೆಳಗಿಂದ ಎಳಕೊಂಡ್ನಿ. ಅಕ್ಕಾ... ಲಗೂನ... ತಂದಿಡು ಅಂದಿ ನೀ. ಹ್ಞೂಂ ಅಂದ್ನಿ. ಹೊಲದಾಗ ಮಳಿ ಹಿಡೀತು. ಹೊಳ್ಳಿ ಬರೂದರಾಗ..." ಅವಳು ಅಂಗೈ ಮಗುಚಿ ತೋರಿಸಿದಳು. "ಕಬ್ಬಿಣ ತಗದಾಕಿ ನಾನ. ಅದಕ್ಕ ನನ್ನ ಸೊಸಿ ಮೈಯಾಗಿನ ಕಬ್ಬಿಣ ನೀ ತಗೀಬ್ಯಾಡಬೇ. ಆಕೀದೇನ ತಪ್ಪು? ಆಕಿಗೆ ಒಂದ ಕೂಸ ಕೊಡು."

ಅಣಕು ಕಲೆಯಲ್ಲಿ ಪಳಗಿದ ದಾನಿಗೆ ಒಂದು ಕ್ಷಣ ಹೊಳೆಯಿತು: ಈಗ ಒಂದು ಮಾತು, ಒಡೆದ ಉಸಿರಿನಲ್ಲಿ ಒಂದೇ ಮಾತು ಆಡಿದರೆ ಮುದುಕಿಯ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. 'ಹೋಗಲಿ ಬಿಡಕ್ಕಾ' ಎಂದರೆ ಸಾಕು. ಆದರೆ ಹಾಗೆ ಅಂದಮೇಲೆ ಆ ದನಿ ಮತ್ತೆ ತನ್ನ ಗಂಟಲು ಬಿಟ್ಟು ಹೋಗದಿದ್ದರೆ? ಅವಳು ಮಣ್ಣನ್ನು ಉಗುಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅತ್ಯಾ, ನಾ ದಾನಿರಿ. ಸಾಂಬ್ರಾಣಿ ದಾನಿ." ಉಸಿರು ಎಳೆದುಕೊಂಡಳು. "ಆಕಿನೂ... ಇಲ್ಲೇ ಮಣ್ಣ ತಿಂತಿದ್ಲೇನ್ರಿ?"

ಮಹಾದೇವಕ್ಕ ಕಣ್ಣು ಕಿರಿದು ಮಾಡಿ ಸೊಸೆಯ ಮುಖ ಗುರುತು ಹಿಡಿದಳು. "ತಿಂತಿದ್ಲು. ಬಸರಿದ್ದಾಗ. ದೆವ್ವ ತಿನ್ನಸ್ತೈತಿ ಅಂದ್ರು. ಬಿಡಸಾಕಂತ ಕೈ ಮ್ಯಾಲೆ ಹೊಡದ್ನಿ. ಬಳಿ ಒಡೀತು."

ದಾನಿ ಅಂಗೈ ತೆರೆದು ಹಸಿರು ಚೂರು ತೋರಿಸಿದಳು. ಮುದುಕಿ ಅದನ್ನು ಮುಟ್ಟಲಿಲ್ಲ.

"ಡಾಕ್ಟರು ನನ್ನ ಕೇಳಿದ್ರಿ, ಮಣ್ಣ ತಿಂತಿಯೇನಂತ. ದೆವ್ವ ಬಡಕೊಂಡೈತೇನಂತ ಕೇಳಲಿಲ್ಲ. ರಕ್ತ ನೋಡಿ, ಉಗುರ ನೋಡಿ, ಮಣ್ಣಿನ ಮಾತ ಕೇಳಿದ್ರು. ಅಂದ್ರ ಇದು ಅವರಿಗೆ ಗೊತ್ತಿದ್ದ ಬ್ಯಾನಿನ ಇರಬೇಕಲ್ರಿ? ನಾ ನಾಚಿ ಸುಳ್ಳ ಹೇಳಿದ್ನಿ." ತೆವಳಿ ಹೊಸ್ತಿಲ ಬಳಿ ಬಂದು ಕುಳಿತಳು. "ನೀಲಕ್ಕಗ ಕಬ್ಬಿಣ ಕಡಿಮಿ ಬಿದ್ದದ್ದು ಖರೇನ ಇರಬೇಕು. ಆದ್ರ ದಿಂಬಿನ ಕೆಳಗ ಅಲ್ರಿ."

"ಎಲ್ಲಿ ಮತ್ತ?"

ದಾನಿ ಅತ್ತೆಯ ಕೈ ಹಿಡಿದು ತನ್ನ ರೆಪ್ಪೆಯ ಕೆಳಗೆ ಇಟ್ಟುಕೊಂಡು ಎಳೆಸಿದಳು. "ಇಲ್ಲಿ ನೋಡ್ರಿ."

ಮಹಾದೇವಕ್ಕ ಬಗ್ಗಿ ನೋಡಿದಳು. ಆ ಬಿಳುಪನ್ನು ಅವಳು ಹಿಂದೊಮ್ಮೆ ನೋಡಿದ್ದಳೆಂಬುದು ಅವಳು ಇನ್ನೊಂದು ರೆಪ್ಪೆಯನ್ನೂ ತಾನೇ ಎಳೆದು ನೋಡಿದ್ದರಲ್ಲೇ ತಿಳಿಯಿತು.

ಮಾರನೆಯ ದಿನ ದಾಂಡೇಲಿಗೆ ಹೊರಟಾಗ ಮುದುಕಿ ಇಳಕಲ್ ಸೀರೆ ಉಟ್ಟು ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರ ಮುಂದೆ ಸೊಸೆಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಮಣ್ಣ ತಿಂತಾಳ್ರಿ ಈಕಿ. ಕೇಳಿದ್ರ ಇಲ್ಲಂತಾಳ. ನಮ್ಮ ಮನಿ ಸೊಸ್ತ್ಯಾರ ಎಲ್ಲಾ ಹಂಗ."

"ಹೇಳಿದ್ದ ಚಲೋ ಆತ್ರಿ," ಎಂದರು ಸುನಂದಾ. "ಕಬ್ಬಿಣ ಕಡಿಮಿ ಇದ್ದವರಿಗೆ ಆ ಆಸೆ ಆಗೂದು ಇರತೈತಿ, ನಾಚೂದೇನೈತಿ? ಮಣ್ಣ ಒಳಗ ಹ್ವಾದ್ರ ಇದ್ದ ಕಬ್ಬಿಣಾನೂ ಹಿಡಕೊಂಡ ಕುಂದರತೈತಿ. ಗುಳಿಗಿ ಹೆಂಗ ತಗೋತಾರ?"

"ಅದನ್ನ ಕ್ಯಾಳಬ್ಯಾಡ್ರಿ, ನಾನ ಮುಂದ ನಿಂತ ಕುಡಸ್ತೇನಿ. ಘಟ್ಟಿ ಚಾದಾಗ. ಒಂದಿನಾ ತಪ್ಪಿಲ್ಲ." ಆ ಒಂದು ವಿಷಯದಲ್ಲಿ ಮುದುಕಿಗೆ ಹೆಮ್ಮೆಯಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯ! ಚಾ ಕುಡದ್ರ ಕಬ್ಬಿಣ ಮೈಗೆ ಹತ್ತೂದಿಲ್ರಿ. ಒಂದ ಕೈಲೆ ಕೊಟ್ಟು ಇನ್ನೊಂದ ಕೈಲೆ ಕಸಗೊಂಡಂಗಾತು. ಲಿಂಬಿಹಣ್ಣಿನ ಪಾನಕದಾಗ ಕೊಡಬೇಕಾಗಿತ್ತು."

ಮಹಾದೇವಕ್ಕನ ಮುಖದಿಂದ ಹೆಮ್ಮೆ ಇಳಿಯಿತು. ಅದರ ಹಿಂದೆಯೇ ಬಣ್ಣವೂ ಇಳಿಯಿತು. ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡಳು.

"ಮತ್ತೊಮ್ಮಿ ನಾನ ತಗದ್ನಿ," ಎಂದಳು. ಅದರ ಅರ್ಥ ಆ ಕೋಣೆಯಲ್ಲಿ ದಾನಿಗೊಬ್ಬಳಿಗೇ ಆದದ್ದು.

ಗುಳಿಗೆಯ ಗುಣಕ್ಕೆ ಕಾಯುವಷ್ಟು ವ್ಯವಧಾನ ಈ ರಕ್ತಕ್ಕಿಲ್ಲ ಎಂದು ಡಾಕ್ಟರು ಅವಳನ್ನು ಮಲಗಿಸಿ ನರಕ್ಕೇ ಕಬ್ಬಿಣ ಹನಿಸಿದರು. ತಿಂಗಳಿಗೊಮ್ಮೆ ಹೆಚ್ಚು ಹೋಗುವುದನ್ನು ತಡೆಯಲು ಬೇರೆ ಔಷಧಿ ಬರೆದರು. ತೂಗುಬಿಟ್ಟ ಬಾಟಲಿಯಲ್ಲಿದ್ದದ್ದು ಕೆಂಪೂ ಅಲ್ಲ, ಕಪ್ಪೂ ಅಲ್ಲ. ಮಳೆಗೆ ನೆನೆದ ತಗಡಿನಿಂದ ಇಳಿಯುವ ನೀರಿನ ಬಣ್ಣ. ಮುದುಕಿ ಒಂದೊಂದು ಹನಿಯೂ ಬೀಳುವುದನ್ನು ನೋಡುತ್ತ ಕುಳಿತಳು.

"ತುಕ್ಕಿನ ನೀರ ಇದ್ದಂಗೈತಿ," ಎಂದಳು. ಆಮೇಲೆ ಡಾಕ್ಟರು ಆ ದಾರಿಯಲ್ಲಿ ಹಾಯ್ದಾಗ ಸೆರಗು ಸರಿಪಡಿಸಿಕೊಂಡು ಕೇಳಿದಳು. "ಬಾಯಾರ, ನಮ್ಮನಿಯಾಗ ಹಿಂದ ಒಬ್ಬಾಕಿ ಇದ್ಲು. ಹಿಂಗ ಬಿಳಿ, ಹಿಂಗ ಉಸಿರು, ಹಿಂಗ ಮಣ್ಣು. ಹಡದ ಮ್ಯಾಲ ರಕ್ತ ಹೋತು, ಆಕಿನೂ ಹ್ವಾದ್ಲು. ಆಕಿ ದಿಂಬಿನ ಕೆಳಗಿನ ಕುಡಗೋಲ..."

ಡಾಕ್ಟರು ನಿಂತರು. "ನೋಡಲಾರದ ಹೇಳೂದು ತಪ್ಪರಿ. ಆದ್ರ ಹಂಗ ಹ್ವಾದವರು ಭಾಳ ಮಂದಿ. ಕುಡಗೋಲ ಇಟ್ರ ರಕ್ತ ಹೆಚ್ಚಾಗೂದಿಲ್ಲ, ತಗದ್ರ ಕಡಿಮಿನೂ ಆಗೂದಿಲ್ಲ."

ಮುದುಕಿ ತಲೆಯಾಡಿಸಿದಳು. ಒಪ್ಪಿದಳೋ, ಬರೀ ಕೇಳಿಸಿಕೊಂಡಳೋ, ದಾನಿಗೆ ಮಲಗಿದ್ದಲ್ಲಿಂದ ತಿಳಿಯಲಿಲ್ಲ.

ಮಳೆ ಹಿಂದೆ ಸರಿಯಿತು. ಮನೆಯಲ್ಲಿ ಚಹಾ ಮಧ್ಯಾಹ್ನಕ್ಕೆ ಹೋಗಿ, ಬೆಳಗಿನ ಬಟ್ಟಲಿಗೆ ಲಿಂಬೆ ಬಂತು. ಊಟಕ್ಕೆ ರಾಜಗಿರಿ ಪಲ್ಯ, ಮಡಕಿಕಾಳು, ಬೆಲ್ಲ ಹಾಕಿದ ಎಳ್ಳು. ಮಲ್ಲೇಶ ಹುರಿದ ಕಡಲೆಯ ಪೊಟ್ಟಣ ತಂದು, "ತಗೋ, ಕಬ್ಬಿಣದ ಕಡಲಿ" ಎಂದು ತನ್ನ ಮಾತಿಗೆ ತಾನೇ ನಕ್ಕ. ಮಣ್ಣಿನ ವಾಸನೆ ಒಂದು ದಿನ ಬರೀ ಮಣ್ಣಿನ ವಾಸನೆಯಾಯಿತು. ಯಾವಾಗ ಎಂದು ದಾನಿಗೆ ಗೊತ್ತಾಗಲೇ ಇಲ್ಲ. ಕಿವಿಯ ತಿದಿಯೂ ಹಾಗೆಯೇ ನಿಂತುಹೋಯಿತು. ಆ ಮೌನ ಅವಳಿಗೆ ವಿಚಿತ್ರವಾಗಿತ್ತು. ದಿನವೂ ಪಕ್ಕದಲ್ಲಿ ಕೂರುತ್ತಿದ್ದವಳು ಹೇಳದೆ ಕೇಳದೆ ಎದ್ದುಹೋದ ಹಾಗೆ. ಎರಡು ಸಲ ಖೋಲಿಗೆ ಹೋಗಿ ಸುಮ್ಮನೆ ಕಿವಿಗೊಟ್ಟು ಬಂದಳು.

ಕಬ್ಬು ಕಟಾವಿಗೆ ಬಂದ ಹೊತ್ತಿಗೆ ಡಾಕ್ಟರು ಹೊಸ ತಪಾಸಣೆ ನೋಡಿ, ಕಣ್ಣ ರೆಪ್ಪೆ ಎಳೆದು ನೋಡಿ, ನಕ್ಕರು. "ಇನ್ನ ತಡೀಬೇಕಂತಿಲ್ರಿ."

ಆ ಮಾತನ್ನು ದಾನಿ ಮನೆಗೆ ಬಂದು ಡಾಕ್ಟರ ದನಿಯಲ್ಲೇ ಒಪ್ಪಿಸಿದಳು. ಉಸಿರು ಎಲ್ಲೂ ಕಡಿಯಲಿಲ್ಲ. ಮಲ್ಲೇಶ ನಾಚಿ ಅಂಗಡಿಗೆ ಓಡಿದ. ಮಹಾದೇವಕ್ಕ ಮಾತ್ರ ನಗಲಿಲ್ಲ. ಸೊಸೆಯ ಕೈ ಹಿಡಿದು ಹಿಂದಿನ ಖೋಲಿಗೆ ಕರೆದೊಯ್ದಳು.

"ದಾನವ್ವಾ, ಒಂದ ಕೆಲಸಾ ಮಾಡು. ಆ ದನಿ ಒಮ್ಮೆ ತಗಿ."

"ಯಾವ ದನಿರಿ?"

"ಗೊತ್ತಿದ್ದೂ ಕೇಳಬ್ಯಾಡ. ಅಕ್ಕಾ ಅನ್ನು. ಒಂದ ಸಲ. ಆಕಿಗೆ ಹೇಳೂದ ಐತಿ ನಂದು."

ದಾನಿ ಪ್ರಯತ್ನಪಟ್ಟಳು. "ಅಕ್ಕಾ," ಎಂದಳು. ಅದು ಅಂಗಡಿ ಕಟ್ಟೆಯ ಗೊಂಬೆಯಾಟದ ಹಾಗೆ ಕೇಳಿಸಿತು. ನಡುವೆ ಉಸಿರು ಕಡಿದು ನೋಡಿದಳು. ಕಡಿದದ್ದು ಕಾಣುತ್ತಿತ್ತು, ತೇಪೆ ಹಾಕಿದ ಅರಿವೆಯಂತೆ. ಕೊನೆಗೆ ಹಟ ಹಿಡಿದು ಅಟ್ಟದ ನಿಚ್ಚಣಿಕೆ ಹತ್ತಿ ಇಳಿದು, ಹತ್ತಿ ಇಳಿದು, ಏದುತ್ತ ಬಂದು ಕರೆದಳು. ಅದು ಓಡಿಬಂದ ಗಟ್ಟಿ ಹೆಂಗಸಿನ ಏದುಸಿರು. ಕೆನ್ನೆ ಕೆಂಪಾಗಿತ್ತು. ಊರಿನವರನ್ನೆಲ್ಲ ಗಂಟಲಲ್ಲಿಟ್ಟುಕೊಂಡವಳಿಗೆ ತನ್ನದೇ ಆಗಿದ್ದ ಒಂದು ದನಿ ಬರಲೊಲ್ಲದು.

"ಬರವಲ್ದ್ರಿ ಅತ್ಯಾ."

"ಬರೂದ ಬ್ಯಾಡ ಬಿಡು," ಎಂದಳು ಮಹಾದೇವಕ್ಕ. ಅವಳ ದನಿಯಲ್ಲಿ ಹಿಗ್ಗೂ ಇತ್ತು, ಮತ್ತೊಮ್ಮೆ ಯಾರನ್ನೋ ಮಣ್ಣಿಗಿಟ್ಟು ಬಂದವಳ ದಣಿವೂ ಇತ್ತು. "ಹ್ವಾದ್ಲು ಆಕಿ."

ಆಮೇಲೆ ಕಣಜದ ಹಿಂದೆ ಸೊಂಟ ಹಿಡಿದುಕೊಂಡು ಕುಕ್ಕರಿಸಿದಳು. ತಗ್ಗಿನೊಳಗಿದ್ದ ಹಸಿರು ಚೂರನ್ನು ದಾನಿ ಆವತ್ತೇ ವಾಪಸ್ಸು ಇಟ್ಟಿದ್ದಳು. ಅದು ಮಬ್ಬಿನಲ್ಲಿ ಮಿನುಗುತ್ತಿತ್ತು. ಮುದುಕಿ ಗೋಡೆಗೆ ಬಾಯಿ ಹಚ್ಚಿ, ಮಲಗಿದವರನ್ನು ಎಬ್ಬಿಸಲು ಅಂಜುವವಳ ಹಾಗೆ ಹೇಳಿದಳು.

"ನೀಲೀ. ಕುಡಗೋಲಿಂದ ಆಗಿದ್ದಲ್ಲಂತಬೇ ಅದು."

ತುಸು ಹೊತ್ತು ಕಿವಿಗೊಟ್ಟಳು. ಸೆರಗಿನ ಮರೆಯಿಂದ ಆ ಹಳೆಯ ಕುಡಗೋಲನ್ನು ತೆಗೆದಳು. ದಾನಿಯ ದಿಂಬಿನ ಕೆಳಗಿನಿಂದ ಅದನ್ನು ಯಾವಾಗ ಎತ್ತಿಕೊಂಡಿದ್ದಳೋ.

"ಆದ್ರೂ ತಂದೀನಿ, ತಗೋ. ತಡಾ ಆತು."

ತುದಿ ಮುಂದು ಮಾಡಿ ತಗ್ಗಿನೊಳಗೆ ಇಟ್ಟಳು. ಕಬ್ಬಿಣ ಗಾಜಿಗೆ ತಾಗಿ, ಗೋಡೆಯೊಳಗೆ ಯಾರೋ ಕೈ ಅಲುಗಿಸಿದ ಹಾಗೆ, ಕಿಣ್ ಎಂದಿತು. ಇಬ್ಬರೂ ಅಲ್ಲಾಡದೆ ಕುಳಿತರು. ಅದು ಇನ್ನೊಮ್ಮೆ ಮಾತಾಡಲಿಲ್ಲ.